ರುಚಿ ಇರುವುದು ಚಿಪ್ಪಿನಲ್ಲಿ: ಬಳ್ಳಾರಿಯ ಅಡುಗೆಮನೆಯಲ್ಲಿ ಕೆನೆಭರಿತ ಲಾಬ್‌ಸ್ಟರ್ ಸೂಪ್

ಲಾಬ್‌ಸ್ಟರ್ ಸೂಪ್ ಅಂದಕೂಡಲೇ ನಮ್ಮ ಕಡೆಯವರು ಕೇಳುವುದು ಒಂದೇ: "ಬಳ್ಳಾರಿಯಾಗ ಅದು ಎಲ್ಲಿ ಸಿಗತೈತಿ?" ಕೇಳುವುದರಲ್ಲಿ ತಪ್ಪಿಲ್ಲ. ಕಾರವಾರದ ಕಡಲು ಇಲ್ಲಿಂದ 300 ಕಿಲೋಮೀಟರಿಗೂ ಆಚೆ; ರಾಯಚೂರಿನವರಿಗೆ ಇನ್ನೂ ದೂರ. ಆದರೂ ಈ ಸೂಪನ್ನು ಬಳ್ಳಾರಿ, ಕೊಪ್ಪಳ, ರಾಯಚೂರಿನ ಯಾವ ಮನೆಯಲ್ಲಾದರೂ ಚೆನ್ನಾಗಿ ಮಾಡಬಹುದು ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದರೆ ಇದರ ಪರಿಮಳ, ಬಣ್ಣ, ಆಳವಾದ ಸಿಹಿ ಎಲ್ಲ ಬರುವುದು ಚಿಪ್ಪಿನಿಂದ ಮತ್ತು ತಲೆಯಿಂದ. ಮಾಂಸದ ಪಾಲು ಕಡಿಮೆ. ಒಂದೇ ಲಾಬ್‌ಸ್ಟರ್ ಸಿಕ್ಕರೂ ನಾಲ್ವರಿಗೆ ಸೂಪ್ ಆಗುತ್ತದೆ. ಅದೂ ಸಿಗಲಿಲ್ಲವೆಂದರೆ ತಲೆ ಸಮೇತದ ಸೀಗಡಿ ತಂದರೆ ಸಾಕು.

ಫ್ರೆಂಚರು ಇದನ್ನು ಬಿಸ್ಕ್ ಎನ್ನುತ್ತಾರೆ. 17ನೇ ಶತಮಾನದ ಅವರ ಅಡುಗೆ ಪುಸ್ತಕಗಳಲ್ಲೇ ಈ ಹೆಸರಿನ ಅಡುಗೆ ಇದೆ. ಈಗ ಹೋಟೆಲುಗಳಲ್ಲಿ ಮೈದಾ ಹುರಿದು ಸೂಪ್ ಗಟ್ಟಿ ಮಾಡುವುದೇ ಹೆಚ್ಚು. ಹಳೆಯ ಕ್ರಮದಲ್ಲಿ ಅಕ್ಕಿ ಬೇಯಿಸಿ, ಅರೆದು, ಸೋಸಿ ಗಟ್ಟಿ ಮಾಡುತ್ತಿದ್ದರು. ತುಂಗಭದ್ರಾ ಕಾಲುವೆಯ ನೀರಿನಲ್ಲಿ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಗದ್ದೆಗಳು ಬೆಳೆಯುವ ಸೋನಾ ಮಸೂರಿ ನಮ್ಮ ಮನೆಯಲ್ಲಿ ಸದಾ ಇರುವಾಗ ಮೈದಾ ಏಕೆ ಬೇಕು? ಅದರ ನುಚ್ಚು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಬೇಗ ಕರಗುತ್ತದೆ, ಹಸಿ ಹಿಟ್ಟಿನ ವಾಸನೆ ಇರುವುದಿಲ್ಲ, ಚಿಪ್ಪಿನ ರುಚಿಯನ್ನು ಮುಚ್ಚುವುದಿಲ್ಲ.

ಕೊಳ್ಳುವಾಗ

ನಮ್ಮ ಕರಾವಳಿಯಲ್ಲಿ ಸಿಗುವುದು ಮುಳ್ಳು ಲಾಬ್‌ಸ್ಟರ್. ವಿದೇಶಿ ವಿಡಿಯೋಗಳಲ್ಲಿ ಕಾಣುವ ದೊಡ್ಡ ಕೊಂಡಿ ಇದಕ್ಕಿಲ್ಲ. ಕೊಂಡಿ ಇರುವವು ಅಟ್ಲಾಂಟಿಕ್ ಸಾಗರದವು. ಹಾಗಾಗಿ ಕೊಂಡಿಯ ಮಾಂಸ ತೆಗೆಯಿರಿ ಎಂದು ಹೇಳುವ ಪಾಕವಿಧಾನ ಓದಿ ಗಾಬರಿ ಬೀಳಬೇಡಿ. ನಮ್ಮದರಲ್ಲಿ ಮಾಂಸವೆಲ್ಲ ಬಾಲದಲ್ಲಿ. ತಲೆ, ಕಾಲು, ಉದ್ದನೆಯ ಮೀಸೆಗಳೆಲ್ಲ ಸೂಪಿನ ಪಾಲು.

ನಮ್ಮ ಊರುಗಳಿಗೆ ಇದು ಹೆಚ್ಚಾಗಿ ಮಂಜುಗಟ್ಟಿಸಿದ ರೂಪದಲ್ಲೇ ಬರುತ್ತದೆ, ಅದೂ ಮೀನಿನ ಅಂಗಡಿಯವರಿಗೆ ಮೊದಲೇ ಹೇಳಿಟ್ಟರೆ. ಮಂಜುಗಟ್ಟಿಸಿದ್ದು ಎಂದು ಹಿಂಜರಿಯಬೇಕಾಗಿಲ್ಲ. ಲಾಬ್‌ಸ್ಟರ್ ಸತ್ತ ಮೇಲೆ ಅದರ ಮೈಯೊಳಗಿನ ಜೀರ್ಣರಸಗಳೇ ಮಾಂಸವನ್ನು ಬಹಳ ಬೇಗ ಮೆತ್ತಗೆ ಮಾಡಿಬಿಡುತ್ತವೆ. ಐಸಿನ ಮೇಲೆ ಎರಡು ದಿನ ಮಲಗಿದ "ತಾಜಾ" ಲಾಬ್‌ಸ್ಟರಿಗಿಂತ, ಹಿಡಿದ ಕೂಡಲೇ ಮಂಜುಗಟ್ಟಿಸಿದ್ದು ಎಷ್ಟೋ ವಾಸಿ. ನೋಡಬೇಕಾದದ್ದು ಇಷ್ಟು: ತಲೆ ಮತ್ತು ಬಾಲ ಕೂಡುವ ಜಾಗದಲ್ಲಿ ಕಪ್ಪು ಕಲೆ ಇರಬಾರದು, ಮಾಂಸದ ಮೇಲೆ ಒಣಗಿದ ಬಿಳಿ ಮಚ್ಚೆ ಇರಬಾರದು, ಪೊಟ್ಟಣದೊಳಗೆ ಮಂಜಿನ ಹರಳು ದಪ್ಪಗೆ ಕೂತಿರಬಾರದು. ಹರಳು ದಪ್ಪಗಿದ್ದರೆ ನಡುವೆ ಎಲ್ಲೋ ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ತಿಳಿಯಿರಿ. ಮೂಗಿಗೆ ಕಟುವಾದ ಅಮೋನಿಯಾ ವಾಸನೆ ಬಡಿದರೆ ಕೊಳ್ಳಲೇಬೇಡಿ. ಯಾವ ಮಸಾಲೆಯೂ ಅದನ್ನು ಮುಚ್ಚುವುದಿಲ್ಲ. ಬೇಯಿಸಿಯೇ ಮಾರುವಂಥದ್ದಾದರೆ ಬಾಲ ಒಳಕ್ಕೆ ಸುರುಳಿಯಾಗಿರಬೇಕು. ನೆಟ್ಟಗಿದ್ದರೆ ಬೇಯಿಸುವ ಮೊದಲೇ ಅದು ಸತ್ತಿತ್ತು ಎಂದರ್ಥ.

ತೀರಾ ಚಿಕ್ಕದನ್ನೂ, ಹೊಟ್ಟೆಯಡಿ ಮೊಟ್ಟೆಯ ಗೊಂಚಲು ಇರುವುದನ್ನೂ ದಯವಿಟ್ಟು ಕೊಳ್ಳಬೇಡಿ. ರಫ್ತಾಗುವ ಮುಳ್ಳು ಲಾಬ್‌ಸ್ಟರಿಗೆ ಕೇಂದ್ರ ಸರ್ಕಾರ ಜಾತಿಗೆ ತಕ್ಕಂತೆ 200, 300, 500 ಗ್ರಾಂ ಎಂದು ಕನಿಷ್ಠ ತೂಕ ಗೊತ್ತುಮಾಡಿದೆ. ಊರ ಮಾರುಕಟ್ಟೆಯಲ್ಲಿ ಅಳೆಯುವವರು ಯಾರೂ ಇಲ್ಲ, ಆದ್ದರಿಂದ ಆ ಎಚ್ಚರ ಕೊಳ್ಳುವವರಲ್ಲೇ ಇರಬೇಕು. ಜೂನ್ ಮತ್ತು ಜುಲೈನಲ್ಲಿ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಎರಡು ತಿಂಗಳು ಸೀಗಡಿಯಲ್ಲೇ ಮಾಡಿಕೊಳ್ಳಿ.

ಸೀಗಡಿಯ ವಿಷಯದಲ್ಲಿ ನಮಗೆ ಕೊರತೆಯಿಲ್ಲ. ಆಂಧ್ರದ ಕೆರೆಗಳಲ್ಲಿ ಸಾಕಿದ ವನಾಮಿ ಸೀಗಡಿ ಐಸ್ ಪೆಟ್ಟಿಗೆಯಲ್ಲಿ ಬರುತ್ತದೆ. ಅಂಗಡಿಯವರು ರೂಢಿಯಂತೆ ಕೇಳುತ್ತಾರೆ:

"ಅಕ್ಕಾ, ತಲಿ ತಗದು, ಸುಲದು ಕೊಡ್ಲೇನು?"

"ಬ್ಯಾಡಪ್ಪಾ, ತಲಿ ಸಮೇತ ಕೊಡು. ಬ್ಯಾರೇದವರದು ತಗದಿದ್ದು ಇದ್ರ ಅದನ್ನೂ ಒಂದೀಟು ಹಾಕು."

ಹೀಗೆ ಕೇಳಲು ಸಂಕೋಚ ಬೇಡ. ಅವರು ಬುಟ್ಟಿಗೆ ಎಸೆಯುವ ತಲೆಗಳೇ ಈ ಸೂಪಿನ ಜೀವ. ಆದರೆ ಅವು ಅಂದೇ, ನಿಮ್ಮ ಕಣ್ಣೆದುರೇ ತೆಗೆದವಾಗಿರಬೇಕು. ತಲೆ ಮಾಂಸಕ್ಕಿಂತ ಬೇಗ ಕೆಡುತ್ತದೆ. ಬೇಸಿಗೆಯಲ್ಲಿ ನಮ್ಮ ಊರುಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥ ಬಿಸಿಲಿನಲ್ಲಿ ಒಂದು ಗಂಟೆಯೂ ಹೊರಗೆ ಇಡುವಂತಿಲ್ಲ. ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಐಸ್ ತುಂಬಿಕೊಂಡೇ ಅಂಗಡಿಗೆ ಹೋಗಿ.

ನಾಲ್ವರಿಗೆ ಬೇಕಾಗುವುದು

400ರಿಂದ 450 ಗ್ರಾಂ ತೂಗುವ ಎರಡು ಲಾಬ್‌ಸ್ಟರ್. ಬದಲಿಗೆ ಒಂದು ಲಾಬ್‌ಸ್ಟರ್ ಮತ್ತು ಕಾಲು ಕಿಲೋ ಸೀಗಡಿ ತಲೆ. ಅದೂ ಇಲ್ಲವಾದರೆ ಮುಕ್ಕಾಲು ಕಿಲೋ ತಲೆ ಸಮೇತದ ಸೀಗಡಿ.

ಬೆಣ್ಣೆ 40 ಗ್ರಾಂ, ಕೊನೆಗೆ ಮಾಂಸ ಬೆಚ್ಚಗೆ ಮಾಡಲು ಇನ್ನೊಂದು ಚಮಚ, ಎಣ್ಣೆ ಒಂದು ದೊಡ್ಡ ಚಮಚ. ಮಧ್ಯಮ ಗಾತ್ರದ ಉಳ್ಳಾಗಡ್ಡಿ ಒಂದು, ಗಜ್ಜರಿ ಒಂದು, ಬೆಳ್ಳುಳ್ಳಿ ನಾಲ್ಕು ಎಸಳು, ಹಣ್ಣಾದ ಟೊಮೆಟೊ ಎರಡು. ತಪ್ಪಲ ಉಳ್ಳಾಗಡ್ಡಿ ನಾಲ್ಕು ಕಡ್ಡಿ: ಬಿಳಿ ಭಾಗ ಸಾರಕ್ಕೆ, ಹಸಿರು ಭಾಗ ಕೊನೆಗೆ ಮೇಲೆ ಉದುರಿಸಲು. ಕೊತ್ತಂಬರಿಯ ದಂಟು ಒಂದು ಹಿಡಿ, ಎಲೆ ಬೇಡ. ನುಚ್ಚಕ್ಕಿ ಎರಡೂವರೆ ದೊಡ್ಡ ಚಮಚ. ಬೀಜ ತೆಗೆದು ಪುಡಿ ಮಾಡಿದ ಬ್ಯಾಡಗಿ ಮೆಣಸಿನಕಾಯಿ ಅರ್ಧ ಚಮಚ, ಕಾಳುಮೆಣಸು ಎಂಟು, ಪಲಾವ್ ಎಲೆ ಒಂದು, ಅಜವಾನ ಒಂದೇ ಚಿಟಿಕೆ. ನೀರು ಒಂದೂಕಾಲು ಲೀಟರ್, ಕ್ರೀಂ 150 ಮಿಲಿ, ಉಪ್ಪು, ಅರ್ಧ ನಿಂಬೆಹಣ್ಣು.

ಅಜವಾನ ಕಂಡು ಹುಬ್ಬೇರಿಸುವವರಿಗೆ ಒಂದು ಮಾತು. ಫ್ರೆಂಚರು ಥೈಮ್ ಎಂಬ ಸೊಪ್ಪು ಹಾಕುತ್ತಾರೆ. ಅದರ ಪರಿಮಳಕ್ಕೆ ಕಾರಣವಾದ ಥೈಮಾಲ್ ನಮ್ಮ ಅಜವಾನದಲ್ಲೂ ಇದೆ, ಹೆಚ್ಚೇ ಇದೆ. ಅದಕ್ಕೇ ಒಂದೇ ಚಿಟಿಕೆ. ಬ್ಯಾಡಗಿ ಮೆಣಸಿನಕಾಯಿ ಇಲ್ಲಿ ಬಣ್ಣಕ್ಕಾಗಿ, ಖಾರಕ್ಕಲ್ಲ. ಗುಂಟೂರು ಮೆಣಸಿನಕಾಯಿ ಹಾಕಿದರೆ ನಾಲಗೆಗೆ ಖಾರ ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಅರಿಶಿನ, ಗರಂ ಮಸಾಲೆ, ಶುಂಠಿ, ತೆಂಗು ಯಾವುದೂ ಬೇಡ. ಅವುಗಳನ್ನು ಹಾಕಿ ಮಾಡುವ ಸಾರು ತನ್ನಷ್ಟಕ್ಕೆ ರುಚಿಯೇ, ಆದರೆ ಅದು ಬೇರೆ ಅಡುಗೆ.

ಫ್ರೆಂಚ್ ಪಾಕದಲ್ಲಿ ಬ್ರಾಂಡಿ ಸುರಿದು ಬೆಂಕಿ ಹತ್ತಿಸುವ ಒಂದು ಹಂತವಿದೆ. ಗ್ಯಾಸ್ ಒಲೆಯ ಸಣ್ಣ ಅಡುಗೆಮನೆಯಲ್ಲಿ ಅದು ಅಪಾಯ, ಅದಿಲ್ಲದೆಯೂ ಸೂಪ್ ಚೆನ್ನಾಗಿಯೇ ಆಗುತ್ತದೆ.

ಇಡ್ಲಿ ಪಾತ್ರೆಯಿಂದ ಆರಂಭ

ಹಿಂದಿನ ರಾತ್ರಿಯೇ ಲಾಬ್‌ಸ್ಟರನ್ನು ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ, ಅಡಿಯಲ್ಲಿ ತಟ್ಟೆ ಇಡಿ. ಬಿಸಿನೀರಿಗೆ ಹಾಕಿ ಅವಸರ ಮಾಡಿದರೆ ಹೊರಗಿನ ಮಾಂಸ ನಾರಾಗುತ್ತದೆ, ಒಳಗೆ ಇನ್ನೂ ಗಡ್ಡೆ ಕಟ್ಟಿರುತ್ತದೆ.

ಇಡ್ಲಿ ಪಾತ್ರೆಗೆ ಒಂದೂಕಾಲು ಲೀಟರ್ ನೀರು ಹಾಕಿ ಕುದಿಸಿ. ಉಪ್ಪು ಹಾಕಬೇಡಿ. ತಟ್ಟೆಗಳ ಬದಲು ತೂತಿನ ಜಾಲರಿ ಇಟ್ಟು, ಲಾಬ್‌ಸ್ಟರನ್ನು ಬೆನ್ನು ಕೆಳಗೆ ಮಾಡಿ ಮಲಗಿಸಿ, ಮುಚ್ಚಿ. ಈ ಗಾತ್ರದ್ದಕ್ಕೆ ಎಂಟೊಂಬತ್ತು ನಿಮಿಷ ಸಾಕು. ಬರೀ ಬಾಲವಾದರೆ ಐದಾರು ನಿಮಿಷ, ಸೀಗಡಿಗೆ ಎರಡು ಮೂರು ನಿಮಿಷ. ಗಾಜಿನಂತಿದ್ದ ಮಾಂಸ ಹಾಲಿನಂತೆ ಬೆಳ್ಳಗಾದರೆ ಬೆಂದಿದೆ. ಆವಿಯಲ್ಲಿ ಬೇಯಿಸುವುದರಿಂದ ಮಾಂಸದ ರಸ ತೊಟ್ಟಿಕ್ಕಿ ಕೆಳಗಿನ ನೀರಿಗೇ ಇಳಿಯುತ್ತದೆ. ಆ ನೀರೇ ಮುಂದೆ ಸೂಪಿನ ಬುನಾದಿ, ಚೆಲ್ಲಿಬಿಡಬೇಡಿ.

ಕೈ ತಾಳುವಷ್ಟು ಆರಿದ ಮೇಲೆ ದಪ್ಪ ಬಟ್ಟೆಯಲ್ಲಿ ಹಿಡಿದುಕೊಳ್ಳಿ. ಮುಳ್ಳು ಚುಚ್ಚಿದರೆ ಬೆರಳು ಎರಡು ದಿನ ನೋಯುತ್ತದೆ. ತಲೆಯನ್ನು ಒಂದು ಕಡೆ, ಬಾಲವನ್ನು ಇನ್ನೊಂದು ಕಡೆ ತಿರುಚಿದರೆ ಎರಡೂ ಬೇರೆಯಾಗುತ್ತವೆ. ಬಾಲದ ಹೊಟ್ಟೆಯ ಭಾಗದ ತೆಳು ಚಿಪ್ಪನ್ನು ಎರಡೂ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿ ಎತ್ತಿದರೆ ಮಾಂಸ ಇಡಿಯಾಗಿ ಹೊರಬರುತ್ತದೆ. ನಡುವಿನ ಕಪ್ಪು ಕರುಳನ್ನು ಎಳೆದು ತೆಗೆಯಿರಿ. ಮಾಂಸವನ್ನು ಬೆರಳ ತುದಿಯಷ್ಟು ತುಂಡು ಮಾಡಿ, ಮುಚ್ಚಿ, ಫ್ರಿಜ್ಜಿನಲ್ಲಿಡಿ. ಇನ್ನು ಅದರ ಸುದ್ದಿ ಕೊನೆಗೇ.

ತಲೆಯನ್ನು ಬಿಡಿಸುವಾಗ ಎರಡನ್ನು ಮಾತ್ರ ಎಸೆಯಬೇಕು: ಕಣ್ಣುಗಳ ಹಿಂದೆ ಇರುವ ಮರಳು ಮರಳಾದ ಹೊಟ್ಟೆಚೀಲ, ಪಕ್ಕದಲ್ಲಿ ಪುಕ್ಕದಂತೆ ಜೋಡಿಸಿರುವ ಕಿವಿರು. ಇವೆರಡೂ ಒಳಗೆ ಉಳಿದರೆ ಸಾರ ಕಹಿಯಾಗುತ್ತದೆ. ಯಕೃತ್ತಿನ ಕೆಲಸ ಮಾಡುವ ಹಸಿರು ಬಣ್ಣದ ಮೆತ್ತನೆಯ ಭಾಗವನ್ನು ಕೆಲವರು ಇಷ್ಟಪಡುತ್ತಾರೆ. ಆದರೆ ನೀರಿನಲ್ಲಿರುವ ವಿಷಾಂಶಗಳು ಸೇರಿಕೊಳ್ಳುವ ಜಾಗ ಅದು, ನಾನಂತೂ ತೆಗೆದುಬಿಡುತ್ತೇನೆ. ಉಳಿದ ಚಿಪ್ಪು, ಕಾಲು, ಮೀಸೆಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಕುಟ್ಟಿ. ಪುಡಿಯಾಗುವುದು ಬೇಡ, ಎರಡು ಬೆರಳಗಲದ ಚೂರುಗಳಾದರೆ ಸಾಕು.

ಚಿಪ್ಪು ಹುರಿಯುವುದು

ಇಡೀ ಅಡುಗೆಯಲ್ಲಿ ಪುರುಸೊತ್ತು ಬೇಕಾಗುವ ಹಂತ ಇದು. ಉಳಿದದ್ದರಲ್ಲಿ ಹೆಚ್ಚುಕಡಿಮೆಯಾದರೆ ಸರಿಪಡಿಸಬಹುದು, ಇಲ್ಲಿ ಅವಸರ ಮಾಡಿದರೆ ಸೂಪು ಕೊನೆಯವರೆಗೂ ಸಪ್ಪೆ.

ದಪ್ಪ ತಳದ ಅಗಲ ಬೋಗುಣಿಯಲ್ಲಿ ಎಣ್ಣೆ ಮತ್ತು ಅರ್ಧ ಬೆಣ್ಣೆ ಕಾಯಿಸಿ. ಚಿಪ್ಪುಗಳ ನೀರನ್ನು ಬಟ್ಟೆಯಲ್ಲಿ ಒತ್ತಿ ತೆಗೆದು, ಮಧ್ಯಮಕ್ಕಿಂತ ತುಸು ಜೋರಾದ ಉರಿಯಲ್ಲಿ ಹಾಕಿ. ಮೊದಲ ಎರಡು ನಿಮಿಷ ಚಟಪಟ ಸಿಡಿಯುತ್ತದೆ, ಬರೀ ಕಡಲ ವಾಸನೆ ಬರುತ್ತದೆ. ನಾಲ್ಕೈದು ನಿಮಿಷಕ್ಕೆ ಸಿಡಿತ ಇಳಿದು ಸಣ್ಣ ಸದ್ದಾಗುತ್ತದೆ. ಆಗ ಬೋಗುಣಿಯನ್ನು ಒಂದಿಷ್ಟು ಓರೆ ಮಾಡಿ ನೋಡಿ: ತಳದಲ್ಲಿ ಕೂಡಿದ ಬೆಣ್ಣೆ ಹಳದಿ ಬಿಟ್ಟು ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಎಂಟು ಹತ್ತು ನಿಮಿಷಕ್ಕೆ ವಾಸನೆಯೂ ಬದಲಾಗಿ, ಹುರಿದ ಶೇಂಗಾದ ಕಡೆಗೆ ವಾಲುತ್ತದೆ. ಅಲ್ಲಿಗೆ ನಿಲ್ಲಿಸಿ. ಅಂಚು ಕಪ್ಪಾದ ಚೂರು ಕಂಡರೆ ಆರಿಸಿ ಎಸೆಯಿರಿ.

ಆ ಕಿತ್ತಳೆ ಬಣ್ಣಕ್ಕೆ ಕಾರಣ ಆಸ್ಟಾಕ್ಸಾಂಥಿನ್ ಎಂಬ ವರ್ಣದ್ರವ್ಯ. ಜೀವಂತ ಲಾಬ್‌ಸ್ಟರಿನಲ್ಲಿ ಅದು ಪ್ರೋಟೀನಿಗೆ ಅಂಟಿಕೊಂಡು ತನ್ನ ಕೆಂಪನ್ನು ಅಡಗಿಸಿಟ್ಟುಕೊಂಡಿರುತ್ತದೆ. ಕಾವು ತಗಲಿದಾಗ ಪ್ರೋಟೀನು ಬಿಟ್ಟುಕೊಡುತ್ತದೆ, ಚಿಪ್ಪು ಕೆಂಪಾಗುತ್ತದೆ. ಅದು ಕರಗುವುದು ಜಿಡ್ಡಿನಲ್ಲಿ, ನೀರಿನಲ್ಲಿ ಅಲ್ಲ. ನೇರ ನೀರಿಗೆ ಹಾಕಿ ಕುದಿಸಿದ ಚಿಪ್ಪಿನ ಸಾರ ಬೂದುಬಣ್ಣಕ್ಕೆ ಉಳಿಯುವುದು, ಬೆಣ್ಣೆಯಲ್ಲಿ ಹುರಿದದ್ದು ಸಂಜೆಯ ಬಾನಿನ ಬಣ್ಣ ಪಡೆಯುವುದು ಇದರಿಂದಲೇ.

ಈಗ ಹೆಚ್ಚಿದ ಉಳ್ಳಾಗಡ್ಡಿ, ಗಜ್ಜರಿ, ಬಿಳಿ ಕಡ್ಡಿ, ಬೆಳ್ಳುಳ್ಳಿ, ಕೊತ್ತಂಬರಿ ದಂಟು, ಉಳಿದ ಬೆಣ್ಣೆ ಹಾಕಿ, ಉರಿ ತಗ್ಗಿಸಿ, ಆರು ನಿಮಿಷ ಬಾಡಿಸಿ. ಟೊಮೆಟೊ ಹಾಕಿ ಅದರ ನೀರು ಇಂಗಿ ಜಿಡ್ಡು ಬಿಡುವವರೆಗೆ ಕೈಯಾಡಿಸಿ. ಮೆಣಸಿನಪುಡಿ ಕೊನೆಗೆ, ಅರ್ಧ ನಿಮಿಷ ಮಾತ್ರ, ಹೊತ್ತಿದರೆ ಕಹಿ.

ಇಡ್ಲಿ ಪಾತ್ರೆಯ ನೀರು ಸುರಿದು, ತಳಕ್ಕೆ ಹಿಡಿದದ್ದನ್ನು ಮರದ ಸೌಟಿನಿಂದ ಕೆರೆದು ಬಿಡಿಸಿ. ಆವಿಯಾಗಿ ಕಡಿಮೆಯಾದಷ್ಟು ನೀರು ಸೇರಿಸಿ, ಚಿಪ್ಪು ಮುಳುಗಿದರೆ ಸಾಕು. ಕಾಳುಮೆಣಸು, ಪಲಾವ್ ಎಲೆ, ಅಜವಾನ ಹಾಕಿ. ಕುದಿ ಬಂದ ಕೂಡಲೇ ಉರಿ ಸಣ್ಣ ಮಾಡಿ, ಮೇಲಿನ ನೊರೆ ತೆಗೆದು, ಮುಚ್ಚದೆ 30 ನಿಮಿಷ ಬಿಡಿ. ಮೇಲ್ಮೈ ಮೆಲ್ಲಗೆ ಮಿಡುಕುತ್ತಿರಬೇಕು, ಕೊತಕೊತ ಕುದಿಯಬಾರದು. ಮೂಳೆ ಸಾರಿನಂತೆ ಗಂಟೆಗಟ್ಟಲೆ ಕುದಿಸಿದರೆ ಒಳ್ಳೆಯದು ಎಂದುಕೊಳ್ಳುವವರಿದ್ದಾರೆ. ಚಿಪ್ಪಿನ ವಿಷಯದಲ್ಲಿ ಹಾಗಲ್ಲ: ಮುಕ್ಕಾಲು ಗಂಟೆ ದಾಟಿತೆಂದರೆ ಸುಣ್ಣದ ರುಚಿ ಇಳಿಯತೊಡಗುತ್ತದೆ. ಕುಕ್ಕರಿನಲ್ಲಿ ಕೂಗಿಸುವುದೂ ಬೇಡ.

ಸೋಸಿ, ಸೌಟಿನ ಬೆನ್ನಿನಿಂದ ಒತ್ತಿ ಒತ್ತಿ ಹಿಂಡಿ. ಗಟ್ಟಿ ಚಿಪ್ಪನ್ನು ಮನೆಯ ಮಿಕ್ಸಿಗೆ ಹಾಕಬೇಡಿ, ಬ್ಲೇಡು ಹೋಗುತ್ತದೆ. ಸೀಗಡಿ ತಲೆಯಾದರೆ ಎರಡು ಸುತ್ತು ತಿರುಗಿಸಿ ಬಟ್ಟೆಯಲ್ಲಿ ಸೋಸಬಹುದು, ರುಚಿ ಇನ್ನೂ ಹೆಚ್ಚುತ್ತದೆ.

ನುಚ್ಚು, ಆಮೇಲೆ ಕ್ರೀಂ

ಸೋಸಿದ ಸಾರ ಈಗ ಒಂದು ಲೀಟರಿಗೆ ಸ್ವಲ್ಪ ಕಡಿಮೆ ಇರಬೇಕು. ಅದನ್ನು ಮತ್ತೆ ಒಲೆಗಿಟ್ಟು, ತೊಳೆದ ನುಚ್ಚು ಹಾಕಿ, ಸಣ್ಣ ಉರಿಯಲ್ಲಿ 20 ನಿಮಿಷ ಬೇಯಿಸಿ. ಅಗುಳು ಬೆರಳಿಗೆ ಸಿಕ್ಕರೆ ನುಣ್ಣಗೆ ಕರಗಿಹೋಗಬೇಕು. ಪೂರ್ತಿ ಆರಿಸಿ, ಮಿಕ್ಸಿ ಜಾರಿಗೆ ಅರ್ಧದಷ್ಟೇ ಹಾಕಿ ರುಬ್ಬಿ. ಬಿಸಿಯಿದ್ದಾಗ ರುಬ್ಬಿದರೆ ಆವಿ ಮುಚ್ಚಳವನ್ನು ಎಸೆದು ಮುಖದ ಮೇಲೆ ಹಾರುತ್ತದೆ. ತೆಳು ಬಟ್ಟೆಯಲ್ಲಿ ಇನ್ನೊಮ್ಮೆ ಸೋಸಿ. ಈ ಎರಡನೇ ಸೋಸುವಿಕೆ ಬೇಸರದ ಕೆಲಸ ನಿಜ, ಆದರೆ ಬಾಯಲ್ಲಿ ಒಂದು ಚೂರು ಚಿಪ್ಪು ಸಿಕ್ಕರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಕ್ರೀಮಿನಲ್ಲಿ ಜಿಡ್ಡು ಹೆಚ್ಚಿದ್ದಷ್ಟೂ ಒಡೆಯುವ ಭಯ ಕಡಿಮೆ. ಪೊಟ್ಟಣದ ಫ್ರೆಶ್ ಕ್ರೀಮಿನಲ್ಲಿ ಸಾಮಾನ್ಯವಾಗಿ ಶೇ. 25ರಷ್ಟು ಜಿಡ್ಡು, ಟೊಮೆಟೊದ ಹುಳಿಯ ಜೊತೆ ಕುದಿಸಿದರೆ ಅದು ಒಡೆದೀತು. ಎಮ್ಮೆ ಹಾಲು ಬರುವ ಮನೆಯಲ್ಲಿ ಕೆನೆಯೇ ಸಾಕು. ಎರಡು ದಿನದೊಳಗಿನ, ಹುಳಿಯಾಗದ ಕೆನೆಯನ್ನು ಸ್ವಲ್ಪ ಹಾಲಿನ ಜೊತೆ ಕಡೆದು ಗಂಟಿಲ್ಲದಂತೆ ಮಾಡಿಕೊಳ್ಳಿ. ತುಂಬಾ ಹೊತ್ತು ಕಡೆದರೆ ಬೆಣ್ಣೆ ಬಂದುಬಿಡುತ್ತದೆ. ಯಾವುದೇ ಆಗಲಿ, ಸೋಸಿದ ಸೂಪನ್ನು ಮತ್ತೆ ಬೋಗುಣಿಯಲ್ಲಿ ಬಿಸಿ ಮಾಡಿ, ಮೊದಲು ಒಂದು ಸೌಟು ಬಿಸಿ ಸೂಪನ್ನು ಕ್ರೀಮಿಗೆ ಬೆರೆಸಿ, ಆಮೇಲೆ ಅದನ್ನು ಬೋಗುಣಿಗೆ ಸುರಿಯಿರಿ. ಇನ್ನು ಕುದಿಸುವಂತಿಲ್ಲ, ಬಿಸಿ ಮಾಡುವುದಷ್ಟೇ.

ಉಪ್ಪು ಈಗ ಹಾಕಿ, ಚಿಟಿಕೆ ಚಿಟಿಕೆಯಾಗಿ. ಕಡಲ ಚಿಪ್ಪಿನಲ್ಲೇ ಒಂದಿಷ್ಟು ಉಪ್ಪಿರುತ್ತದೆ. ಸೂಪ್ ಗಟ್ಟಿ ಅನಿಸಿದರೆ ಬಿಸಿನೀರು ಬೆರೆಸಿ. ನೀರಾಗಿದ್ದರೆ ಕ್ರೀಂ ಹಾಕುವ ಮೊದಲೇ ಕುದಿಸಿ ಇಂಗಿಸಬೇಕಿತ್ತು. ಈಗಾದರೆ ಎರಡು ಚಮಚ ಅನ್ನವನ್ನು ಸೂಪಿನಲ್ಲೇ ರುಬ್ಬಿ ಸೇರಿಸಿ. ಒಡೆದಂತೆ ಕಂಡರೆ ಒಲೆಯಿಂದ ಇಳಿಸಿ, ಒಂದು ಚಮಚ ತಣ್ಣನೆಯ ಕ್ರೀಂ ಸೇರಿಸಿ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿದರೆ ಬಹುಮಟ್ಟಿಗೆ ಕೂಡಿಕೊಳ್ಳುತ್ತದೆ. ಕಹಿಗೆ ಮಾತ್ರ ಮದ್ದಿಲ್ಲ.

ಬಡಿಸುವುದು

ಇದು ಹೊಟ್ಟೆ ತುಂಬ ಕುಡಿಯುವ ಸಾರಲ್ಲ. ಒಬ್ಬರಿಗೆ 200 ಮಿಲಿ ಸಾಕು. ತೆಳು ಸ್ಟೀಲ್ ಬಟ್ಟಲಿನಲ್ಲಿ ಕೈ ಸುಡುತ್ತದೆ, ಸೂಪ್ ಬೇಗ ಆರುತ್ತದೆ. ಪಿಂಗಾಣಿ ಬಟ್ಟಲಿಗೆ ಬಿಸಿನೀರು ತುಂಬಿಟ್ಟು, ಬಡಿಸುವ ಹೊತ್ತಿಗೆ ಚೆಲ್ಲಿ ಒರೆಸಿಕೊಳ್ಳಿ.

ಎತ್ತಿಟ್ಟ ಮಾಂಸವನ್ನು ಒಂದು ಚಮಚ ಬೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಒಂದು ನಿಮಿಷ ಬೆಚ್ಚಗೆ ಮಾಡಿ. ಅದು ಆಗಲೇ ಬೆಂದಿದೆ, ಇನ್ನೂ ಬೇಯಿಸಿದರೆ ರಬ್ಬರು. ಬಟ್ಟಲಿನ ನಡುವೆ ಮಾಂಸ ಗುಡ್ಡೆ ಮಾಡಿ, ಸುತ್ತಲೂ ಸೂಪ್ ಸುರಿದು, ತಪ್ಪಲ ಉಳ್ಳಾಗಡ್ಡಿಯ ಹಸಿರನ್ನು ಸಣ್ಣಗೆ ಹೆಚ್ಚಿ ಉದುರಿಸಿ. ನಿಂಬೆರಸ ಬಟ್ಟಲಿಗೆ ನಾಲ್ಕು ಹನಿ, ಬೋಗುಣಿಗೆ ಬೇಡ.

ಜೊತೆಗೆ ಬ್ರೆಡ್ಡು ಹುಡುಕಿಕೊಂಡು ಹೋಗಬೇಡಿ. ನಮ್ಮ ಎಳ್ಳು ಹಚ್ಚಿದ ಖಡಕ್ ಸಜ್ಜೆ ರೊಟ್ಟಿ ಇದಕ್ಕೆ ಒಪ್ಪುವಷ್ಟು ಬೇರೆ ಯಾವುದೂ ಒಪ್ಪುವುದಿಲ್ಲ. ಮುರಿದು ಸೂಪಿನಲ್ಲಿ ಅದ್ದಿದರೆ ಅಂಚು ಮೆತ್ತಗಾಗಿ, ನಡು ಇನ್ನೂ ಕಟುಂ ಅನ್ನುತ್ತಿರುತ್ತದೆ. ಖಡಕ್ ಜೋಳದ ರೊಟ್ಟಿಯೂ ಆದೀತು. ಶೇಂಗಾ ಚಟ್ನಿ, ಕೆಂಪು ಖಾರ ಅಂದು ಪಕ್ಕಕ್ಕಿರಲಿ. ಇದರ ನಂತರದ ಊಟ ಹಗುರವಾಗಿರಲಿ. ಬಿರಿಯಾನಿಗೆ ಮುಂಚೆ ಇದನ್ನು ಕೊಟ್ಟರೆ ಎರಡರ ರುಚಿಯೂ ಹಾಳು. ಡಿಸೆಂಬರ್, ಜನವರಿಯ ತಂಪು ರಾತ್ರಿಗಳು ಇದಕ್ಕೆ ಸರಿಯಾದ ಕಾಲ.

ಬಡಿಸುವ ಮೊದಲು ಅತಿಥಿಗಳನ್ನು ತಪ್ಪದೇ ಕೇಳಿ. ಸೀಗಡಿ ಅಥವಾ ಏಡಿ ತಿಂದು ಮೈ ಕೆರೆತ, ತುಟಿ ಊತ, ಉಸಿರಾಟದ ತೊಂದರೆ ಆಗಿದ್ದವರಿಗೆ ಲಾಬ್‌ಸ್ಟರೂ ಆಗಿಬರುವುದಿಲ್ಲ. ಮಾಂಸ ತೆಗೆದು ಬರೀ ಸೂಪ್ ಕೊಟ್ಟರೂ ಅಪಾಯ ಅಷ್ಟೇ.

ತುಂಗಭದ್ರಾ ಹೊಳೆಯ ಏಡಿಯಲ್ಲೂ ಇದೇ ಕ್ರಮದಲ್ಲಿ ಸೂಪ್ ಆಗುತ್ತದೆ, ರುಚಿ ಒಂದಿಷ್ಟು ಮಣ್ಣಿನ ಕಡೆಗೆ. ಹೊಳೆ ಏಡಿಯನ್ನು ಮಾತ್ರ ಅರೆಬೆಂದದ್ದು ತಿನ್ನಬಾರದು: ಶ್ವಾಸಕೋಶಕ್ಕೆ ತೊಂದರೆ ಕೊಡುವ ಹುಳದ ಮರಿ ಅದರ ಮಾಂಸದಲ್ಲಿ ಇರಬಹುದು. ಆವಿಯಲ್ಲಿ 15 ನಿಮಿಷ ಪೂರ್ತಿ ಬೇಯಿಸಿ, ಹಸಿ ಏಡಿ ಹೆಚ್ಚಿದ ಚಾಕು, ಹಲಗೆಯನ್ನು ಕೂಡಲೇ ಸೋಪು ಹಾಕಿ ತೊಳೆಯಿರಿ.

ಮುಂದಿನ ದಿನಕ್ಕೆ ಉಳಿಸುವುದಾದರೆ ಕ್ರೀಂ ಹಾಕುವ ಮೊದಲೇ ಬೇಕಾದಷ್ಟನ್ನು ಎತ್ತಿಡಿ. ಫ್ರಿಜ್ಜಿನಲ್ಲಿ ಎರಡು ದಿನ, ಫ್ರೀಜರಿನಲ್ಲಿ ಎರಡು ತಿಂಗಳು ಚೆನ್ನಾಗಿರುತ್ತದೆ. ನಡುವೆ ತಾಸುಗಟ್ಟಲೆ ಕರೆಂಟ್ ಹೋಗಿ ಗಡ್ಡೆ ಕರಗಿ ಬೆಚ್ಚಗಾಗಿದ್ದರೆ ಮತ್ತೆ ಗಟ್ಟಿ ಮಾಡದೆ ಚೆಲ್ಲಿಬಿಡಿ. ಅಂದಂದು ಸೀಗಡಿ ಸುಲಿದಾಗ ಉಳಿಯುವ ತಲೆ, ಸಿಪ್ಪೆಗಳನ್ನು ತೊಳೆದು, ಒರೆಸಿ, ಒಂದು ಡಬ್ಬಿಯಲ್ಲಿ ಫ್ರೀಜರಿಗೆ ಸೇರಿಸುತ್ತಾ ಹೋಗಿ. ಅರ್ಧ ಕಿಲೋ ಕೂಡಿದ ದಿನ ಲಾಬ್‌ಸ್ಟರಿಗೆ ಕಾಯದೆ ಒಲೆ ಹಚ್ಚಬಹುದು.